ಎರಡೂ ಎಡಮಗ್ಗುಲು

ಉಗುರು ತಾಕಿದ್ದಕ್ಕೇ ಗುಳಿ ಬಿತ್ತು, ಇದೆಂಥ ಮರ, ಬಾಲ್ಸಾ ಅಂತೆ, ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಅಣ್ಣನೂ ಹಾಗೇ, ಇದ್ದಾನೋ ಇಲ್ಲವೋ, ನಾಳೆಗೆ ಒಂದು ವರ್ಷ, ಮತ್ತಿಗಿರಿ ತಿರುವಿನಲ್ಲಿ ಸೈಕಲ್ಲು ಒಂದು ಕಡೆ ಅವನೊಂದು ಕಡೆ — ಬೇಡ, ಅಂಟು ಒಣಗಿದೆಯಾ ನೋಡು, ಒಣಗಿದೆ, ಒಳಗೆ ಅಮ್ಮ ನಾಳೆಯ ಎಡೆಗೆ ಅಕ್ಕಿ ಕೇರುತ್ತಿದ್ದಾಳೆ, ಬೆಳಗಿನಿಂದ ಒಂದೇ ಮಾತು, ಇವತ್ತು ಮುಗ್ಸು ಕಣಮ್ಮಿ, ನಾಳೆ ರಾಮಾಂಜಿನಪ್ಪ ಬಂದು ಎತ್ಕಂಡೋಗ್ಲಿ, ಇಲ್ದಿದ್ರೆ ನಾನೇ ಒಲೆಗಿಕ್ತೀನಿ. ರಾಮಾಂಜಿನಪ್ಪ ಲಾರಿ ಫ್ಯಾಕ್ಟರಿಯಲ್ಲಿ ಅಣ್ಣನ ಶಿಫ್ಟಿನವನು, ಅಣ್ಣನ ಆಟದ ವಿಮಾನಕ್ಕೆ ರೆಕ್ಕೆ ಮಾಡಿಟ್ಟಿದ್ದಾನೆ, ರೇಡಿಯೋ ಪೆಟ್ಟಿಗೆಯೂ ಅವನ ಹತ್ತಿರವೇ ಇದೆ, ನೆಲದ ಮೇಲೆ ನಿಂತು ಕಡ್ಡಿ ಅಲ್ಲಾಡಿಸಿದರೆ ಮೇಲೆ ವಿಮಾನ ತಿರುಗುತ್ತದಂತೆ, ಬಾಕಿ ಇರುವುದು ಈ ಒಡಲೊಂದೇ, ಅಣ್ಣ ಇದರ ಬಿಡಿಭಾಗಗಳ ಡಬ್ಬ ತಂದ ದಿನ ಒಳಗಿದ್ದ ನಕ್ಷೆಯನ್ನು ನಡುಮನೆಯ ತುಂಬ ಹಾಸಿದ್ದ, ತುಳೀಬ್ಯಾಡ್ರೇ, ಆಕಾಶ ತುಳುದಂಗೆ, ಅಮ್ಮ ಪೊರಕೆ ಹಿಡಿದು ನಿಂತಿದ್ದಳು, ನಿನ್ ಆಕಾಶ ಮಡಿಸಿಕ್ಲಾ ಅಂಜನಪ್ಪ, ಕಸ ಗುಡಿಸ್ಬೇಕು.

ಮೊರದ ಸದ್ದು, ಜರ್ ಜರ್, ಚಿಕ್ಕಂದಿನಲ್ಲಿ ನಾಟ್ರಾಂಪಾಳ್ಯದ ಜಗಲಿಯಲ್ಲಿ ಅಮ್ಮನ ಅವ್ವ ಅಶ್ವತ್ಥಮ್ಮಜ್ಜಿ, ಅವಳ ತೊಡೆಯ ಮೇಲೆ ನನ್ನ ತಲೆ, ಅವಳ ಕತೆ, ಒಬ್ಬ ಮೊರ ಎಣೆಯೋನಿದ್ದ, ಅರ್ಧ ಮೊರ ಎಣೆದು ಸತ್ತೋದ, ಸತ್ತೋನು ಎಲ್ಗೂ ಓಗ್ನಿಲ್ಲ, ಆ ಅರ್ಧ ಮೊರದಾಗೇ ಕುಂತ್ಬುಟ್ಟ, ಬಿದಿರು ಕಿರ್ ಕಿರ್ ಅಂತಿತ್ತು, ಎಂಡ್ತಿ ಕಿವಿ ಕೊಟ್ಟು ಕೇಳೋಳು, ಒಂದಿನ ಅವಳೇ ಉಳಿದಿದ್ದು ಎಣೆದು ಅಂಚು ಕಟ್ಟಿದ್ಲು, ಅವನು ಎದ್ದು ಒಂಟೋದ, ಆಮೇಲೇನಾಯ್ತಜ್ಜಿ, ಆಮೇಲೇನು, ಅದ್ರಾಗೇ ಅಕ್ಕಿ ಕೇರುದ್ಲು. ಅಜ್ಜಿ ನಗುತ್ತಿದ್ದಳು, ನಾನು ನಗಲಿಲ್ಲ, ಈಗಲೂ ನಗು ಬರುವುದಿಲ್ಲ, ಈ ಒಡಲಿಗೆ ಅಣ್ಣ ಮಾಡಿದ್ದು ಒಂದೇ ಮಗ್ಗುಲು, ಎಡದ್ದು, ಮೂಗಿನ ಕಡೆ ಒಳಮೈಗೆ ಗಟ್ಟಿಯಾಗಲೆಂದು ತೆಳು ಪ್ಲೈವುಡ್ ಅಂಟಿಸಿದ್ದ, ಬಲಮಗ್ಗುಲು ನಾಳೆ ಎಂದಿದ್ದ, ಅದನ್ನು ಮೊನ್ನೆ ನಾನು ಮಾಡಿದೆ, ಅದೇ ನಕ್ಷೆ, ಅದೇ ಗೆರೆ, ಅಂಟಿನ ಒಂದು ಹನಿ ಆಚೀಚೆ ಆಗಲಿಲ್ಲ, ಈಗ ಎರಡನ್ನೂ ಎದುರುಬದುರು ನಿಲ್ಲಿಸಿದರೆ ಅವನ ಪ್ಲೈವುಡ್ ಒಳಕ್ಕೆ, ನನ್ನದು ಹೊರಕ್ಕೆ — ಎರಡೂ ಎಡಮಗ್ಗುಲು, ಹೀಗೆ ಇವು ಕೂಡುವುದೇ ಇಲ್ಲ.

ಗಡಿಯಾರದ ಫ್ಯಾಕ್ಟರಿಯಲ್ಲಿ ದಿನಕ್ಕೆ ಇನ್ನೂರು ಚಕ್ರ ಕೂರಿಸುವವಳು ನಾನು, ಎಳ್ಳಿಗಿಂತ ಸಣ್ಣವು, ಒಂದೂ ತಿರುಗುಮುರುಗಾಗಿಲ್ಲ, ಮೊನ್ನೆ ಪ್ಲೈವುಡ್ ಇಡುವಾಗ ಕೈ ಒಂದು ಗಳಿಗೆ ತಡೆದಿತ್ತಲ್ಲ, ತಿರುಗಿಸಲೇ ಎಂದಿತ್ತಲ್ಲ, ತಿರುಗಿಸಲಿಲ್ಲ, ಗೊತ್ತಿರಲಿಲ್ಲ, ಗೊತ್ತಿತ್ತು, ಕೂಡದಿದ್ದರೆ ಮುಗಿಯುವುದಿಲ್ಲ, ಮುಗಿಯದಿದ್ದರೆ ಅವನು ಏಳುವುದಿಲ್ಲ, ಈ ವರ್ಷವೆಲ್ಲ ಎಷ್ಟು ಸಲ ಅವನ ಈ ಹಲಗೆಗೆ ಕಿವಿ ಕೊಟ್ಟಿಲ್ಲ ನಾನು, ಬಿಸಿಲೇರಿದಾಗ ಚಿಟ್ ಎನ್ನುತ್ತದೆ, ಮರ ಅಂತಾರೆ, ಮರವಂತೆ.

ಜರ್ ಜರ್ ನಿಂತಿತು, ಅಮ್ಮ ಬಾಗಿಲಲ್ಲಿ, ಸೆರಗಿನ ತುಂಬ ತೌಡು, ಅದ್ಯಾಕೆ ಕಿವಿಗಿಟ್ಕಂಡಿದ್ದೀಯ, ಏನಿಲ್ಲಮ್ಮ, ನಂಗೂ ಗೊತ್ತು ಬುಡು, ಆ ಮೊರದ ಕತೆ ನಮ್ಮವ್ವ ನಂಗೇಳದೆ ನಿಂಗೇಳಿದ್ಲಾ, ಅಮ್ಮ ಹಲಗೆಯನ್ನು ಮುಟ್ಟಲಿಲ್ಲ, ನೋಡಿದಳು ಅಷ್ಟೆ, ಮುಗ್ಸಿಬುಡು ಕಣಮ್ಮಿ, ಒಂದ್ ವರ್ಸ ಆಯ್ತು, ಕುಂತು ಕುಂತು ಅವ್ನಿಗೂ ಸೊಂಟ ನೋಯ್ತಿರ್ತದೆ. ಹೋದಳು, ಮತ್ತೆ ಜರ್ ಜರ್.

ಒದ್ದೆ ಬಟ್ಟೆ ಇಡು, ಇಟ್ಟೆ, ಬಿಳಿ ಅಂಟು ಮೊಸರಾಗುತ್ತಿದೆ, ನನ್ನದನ್ನು ಕೀಳುತ್ತೇನೆ, ಅವನದು ಅವನಂತೆ ಇರಲಿ, ಬ್ಲೇಡು ಮೆಲ್ಲಗೆ, ಇನ್ನೂ ಮೆಲ್ಲಗೆ, ಪ್ಲೈವುಡ್ ಎದ್ದು ಬಂತು, ಆ ಬದಿಗೆ ತಿರುಗಿಸಿ ಅಂಟಿಸು, ಸೂಜಿ ಚುಚ್ಚು, ಕಾಯು, ಊಟಕ್ಕೆ ಏಳಲಿಲ್ಲ, ಈಗ ನಡುವೆ ಅಡ್ಡಹಲಗೆಗಳು, ಐದು, ಪ್ರತಿಯೊಂದಕ್ಕೂ ಒಂದು ತೂತು, ಬಾಲ ತಿರುಗಿಸುವ ಕಡ್ಡಿ ಮೂಗಿನಿಂದ ಬಾಲದ ತನಕ ಹಾಯಬೇಕಂತೆ, ಎಡ, ಬಲ, ಎರಡೂ ಹೆಬ್ಬೆರಳಿಂದ ಒತ್ತಿ ಹಿಡಿದಿದ್ದೇನೆ, ಕೂಡುತ್ತಿವೆ, ಬಿಡಬೇಡ, ಅಣ್ಣಾ, ಕೂಡಿದವು. ತೂತುಗಳು ಸಾಲಿಗಿವೆಯೋ ನೋಡಬೇಕು, ಬಾಲವನ್ನು ಬೀದಿಬಾಗಿಲ ಕಡೆ ತಿರುಗಿಸಿ ಮೂಗಿನ ಕಡೆಯಿಂದ ಕಣ್ಣಿಟ್ಟೆ, ಕತ್ತಲೆ, ಕತ್ತಲೆಯ ಆ ಕೊನೆಗೆ ಕಡಲೆಕಾಳಿನಷ್ಟು ಬೆಳಕು — ಮುಚ್ಚಿತು, ಯಾರೋ ಅಡ್ಡ ಹಾದ ಹಾಗೆ, ತೆರೆಯಿತು, ಅಮ್ಮ ಒಳಗೇ ಇದ್ದಾಳೆ, ಜರ್ ಜರ್, ಬಾಗಿಲಲ್ಲಿ ಯಾರೂ ಇಲ್ಲ, ಕಡಲೆಕಾಳಿನಷ್ಟು ಬೆಳಕು, ಕಣ್ಣು ತೆಗೆಯಲಾರೆ, ಕಡಲೆಕಾಳಿನಷ್ಟು ಬೆಳಕು, ನಡುವೆ ಯಾರೂ ಇಲ್ಲ, ಕಡಲೆಕಾಳಿನಷ್ಟು ಬೆಳಕು