ಎಡಮೂಲೆಯ ಕಪ್ಪು

ಹೆಚ್ಚಾಯಿತು, ಗುಡ್ಡ ಸುಣ್ಣ ಬಳಿಸಿಕೊಂಡು ಕೂತ ಹಾಗಾಯಿತು, ಇಳಿಸಬೇಕು — ಅವಳು ಪರದೆಯ ಮೇಲೆ ಚಿತ್ರದ ನೆರಳನ್ನು ತಿಳಿಯಾಗಿಸುವ ಶ್ಯಾಡೋ ಸ್ಲೈಡರನ್ನು ಎಡಕ್ಕೆ ಜರುಗಿಸಿದಳು, ಅರವತ್ತರಿಂದ ನಲವತ್ತು, ನಲವತ್ತರಿಂದ ಇಪ್ಪತ್ತೆಂಟು, ಗುಡ್ಡದ ಹೊಟ್ಟೆಯೊಳಗೆ ನೆರಳು ಮತ್ತೆ ತುಂಬಿಕೊಂಡಿತು, ಈಗ ತೂಕ ಬಂತು, ಗುಡ್ಡ ಗುಡ್ಡದ ಹಾಗಿದೆ, ಆದರೆ ಬೆಳಿಗ್ಗೆ ಇದನ್ನೇ ಕಳಿಸಿದ್ದಕ್ಕಲ್ಲವೇ ಅಣ್ಣ ಫೋನಿನಲ್ಲಿ ಬೈದದ್ದು, ಏನೇ ಪುಟ್ಟಿ ಇದು, ಬಾಣಲೆ ತಳ ತೋರಿಸ್ತಿದ್ದೀಯ ನಂಗೆ, ಎಡಗಡೆ ಕೆಳಗಿನ ಮೂಲೇಲಿ ಹುಲ್ಲಿದೆ, ಮಂಡಿವರೆಗೂ ಒಳ್ಳೇ ಹುಲ್ಲು, ಕಪ್ಪಿಂದ ಎತ್ತು ಅದನ್ನ. ವಯಸ್ಸು ಐವತ್ತೊಂದಾದರೂ ಅವನಿಗೆ ಪುಟ್ಟಿ. ಈ ಸ್ಟುಡಿಯೋದ ಹಿಂಕೋಣೆಯಲ್ಲಿ ಕೂತು ದಿನಕ್ಕೆ ನಲವತ್ತು ಮುಖಗಳ ಮೊಡವೆ ಅಳಿಸುವ, ಮದುಮಗಳ ಮಾವನ ಗದ್ದಗಳು ಮೂರಿದ್ದರೆ ಎರಡಕ್ಕಿಳಿಸುವ ಪುಟ್ಟಿ, ಅಣ್ಣನ ಗುಡ್ಡ ಬಂದ ದಿನ ಮಾತ್ರ ಮನುಷ್ಯರನ್ನೆಲ್ಲ ಪಕ್ಕಕ್ಕೆ ಸರಿಸಿ ಕೂರುತ್ತಾಳೆ. ಆರಕ್ಕೆ ಪ್ರಿಂಟಿನವನು ಬಾಗಿಲೆಳೆಯುತ್ತಾನೆ, ನಾಳೆ ಅಣ್ಣನ ಫೋಟೋ ಕ್ಲಬ್ಬಿನ ಗೋಡೆಗೆ ಇದು ಏರಬೇಕು, ಈಗಲೇ ಐದೂಕಾಲು — ಮೂವತ್ತೈದಕ್ಕೆ ಒಪ್ಪಿಕೊಂಡಾನೇ, ಇಲ್ಲ, ಒಪ್ಪುವ ಜಾತಿಯಲ್ಲ, ಮತ್ತೆ ಐವತ್ತು, ಗುಡ್ಡ ಮತ್ತೆ ತೇಲಿತು. ತೇಲುತ್ತೆ ಅನ್ನುವ ಮಾತೂ ಅವನದೇ. ಅಣ್ಣ ಬಚ್ಚಲುಮನೆಯನ್ನೇ ಫೋಟೋ ತೊಳೆಯುವ ಡಾರ್ಕ್‌ರೂಮ್ ಮಾಡಿಕೊಂಡಿದ್ದ ಕಾಲ, ಕೆಂಪು ದೀಪ, ಟ್ರೇಯ ಹುಳಿ ವಾಸನೆ, ಹೊರಗಿನಿಂದ ಅಪ್ಪ, ಲೋ, ನಾನು ಸ್ನಾನ ಮಾಡೋದು ಈ ವಾರವಾ ಮುಂದಿನ ವಾರವಾ, ಒಳಗೆ ಅಣ್ಣ ಅವಳ ಕಿವಿಯ ಹತ್ತಿರ, ಕಪ್ಪಿಗೆ ಹೆದರಬೇಡ ಕಣೇ, ಕಪ್ಪಿದ್ರೇ ಗುಡ್ಡ ನೆಲದ ಮೇಲೆ ನಿಲ್ಲೋದು, ಇಲ್ದಿದ್ರೆ ಕಾಗದದ ಮೇಲೆ ತೇಲುತ್ತೆ. ಅಂಥವನು ಒಂದೂವರೆ ವರ್ಷದಿಂದ ಎತ್ತು ಎತ್ತು ಅನ್ನುತ್ತಾನೆ, ಪ್ರತಿ ಚಿತ್ರಕ್ಕೂ ಜಗಳ, ನಿನ್ನದು ಇದ್ದಿಲು ಅಂತ ಅವನು, ನಿನ್ನದು ಸುಣ್ಣದ ಡಬ್ಬಿ ಅಂತ ಇವಳು, ವಯಸ್ಸಾದ ಮೇಲೆ ರುಚಿ ಕೆಡುತ್ತೆ ಅಂದುಕೊಂಡಿದ್ದಳು, ಮೊಬೈಲಿನಲ್ಲಿ ನೋಡಿ ನೋಡಿ ಕೆಟ್ಟ ಅಂದುಕೊಂಡಿದ್ದಳು, ಇನ್ನೊಂದು ಸಲ ಸಿಟ್ಟು ಬಂದಾಗ ಅವನ ಮುಖಕ್ಕೇ ಅಂದೂಬಿಟ್ಟಿದ್ದಳು, ನಿನಗೀಗ ಚಿತ್ರ ಬೇಡ ಅಣ್ಣ, ಟ್ಯೂಬ್‌ಲೈಟು ಬೇಕು.

ಸರಿ, ಇಡೀ ಗುಡ್ಡದ ತಂಟೆ ಬೇಡ, ಮೂಲೆಯೊಂದನ್ನೇ ಎತ್ತೋಣ, ಅವನ ಹುಲ್ಲು ಅವನಿಗೆ, ನನ್ನ ಗುಡ್ಡ ನನಗೆ — ಬ್ರಷ್ ತೆಗೆದುಕೊಂಡು ಎಡಮೂಲೆಯ ಮೇಲೆ ಮೆಲ್ಲಗೆ ಉಜ್ಜಿದಳು, ಕಪ್ಪು ಕಂದಾಯಿತು, ಕಂದು ಬೂದಿಯಾಯಿತು, ಚೌಕಟ್ಟಿನ ಅಂಚಿನಲ್ಲಿ ಏನೋ ದುಂಡಗೆ, ಕಲ್ಲೇ, ಅಲ್ಲ, ಬೂಟು, ಅಣ್ಣನ ಬೂಟಿನ ತುದಿ, ರಬ್ಬರಿನ ಮೂತಿ, ಲೇಸಿನ ಒಂದೆಳೆ ಸಡಿಲ. ನಗು ಬಂತು. ಅಗಲದ ಲೆನ್ಸು ಹಾಕಿ ಕೆಳಗೆ ಬಾಗಿಸಿದರೆ ತೆಗೆಯುವವನ ಕಾಲೇ ಚಿತ್ರಕ್ಕೆ ಬಂದು ಕೂರುತ್ತದೆ, ಕ್ಲಬ್ಬಿನ ಹೊಸಬರು ಮಾಡುವ ತಪ್ಪು, ಅವರನ್ನು ಅಣ್ಣ ಆಡಿಕೊಳ್ಳದ ಭಾನುವಾರವಿಲ್ಲ, ಸಹಿ ಹಾಕೋಕೆ ಕೈಯಿಲ್ವೇನಪ್ಪ, ಕಾಲಲ್ಲೇ ಹಾಕಿದ್ದೀಯ — ಇವತ್ತು ಸಿಕ್ಕಿಬಿದ್ದ, ವರ್ಷವಿಡೀ ಹೇಳಿಕೊಂಡು ನಗಬಹುದು. ಬೂಟು ಸಿಕ್ಕಿತು, ಹುಲ್ಲೆಲ್ಲಿ. ಬೂಟಿನ ಮುಂದೆ ಒಂದು ಗೇಣು ಬಂಡೆ, ಅದರಾಚೆ ಕಪ್ಪು ಇನ್ನೂ ಕಪ್ಪೇ. ಎಪ್ಪತ್ತು. ಎಂಬತ್ತೈದು. ಬಲವಂತಕ್ಕೆ ಎತ್ತಿದ ಕಪ್ಪು ಹೀಗೇ, ಕೆಂಪು ನೀಲಿ ಮರಳಾಗಿ ಏಳುತ್ತದೆ, ಆ ಮರಳಿನೊಳಗೆ ಗೆರೆಗಳು, ಉದ್ದಕ್ಕೆ, ನೆಟ್ಟಗೆ, ಒಂದೇ ಅಂತರದಲ್ಲಿ, ಹುಲ್ಲು ಹಾಗೆ ಸಾಲಾಗಿ ಬೆಳೆಯುವುದಿಲ್ಲ, ಯಂತ್ರದಿಂದ ಕಲ್ಲು ಕೊರೆದ ಗುರುತು ಹಾಗಿರುತ್ತದೆ. ಕೆಳಗೆ ಒಂದು ಬಿಳಿ ಚುಕ್ಕೆ, ಪರದೆಯ ಧೂಳು, ತೋಳಿನ ತುದಿಯಿಂದ ಒರೆಸಿದಳು, ಹೋಗಲಿಲ್ಲ, ಉಗುರಿನಿಂದ ಕೆರೆದಳು, ಹೋಗಲಿಲ್ಲ, ದೊಡ್ಡದು ಮಾಡಿ ನೋಡಿದಳು, ಡ್ರಮ್ಮು, ನೀರಿನ ಮೇಲೆ ಅಡ್ಡಬಿದ್ದು ತೇಲುತ್ತಿರುವ ಪ್ಲಾಸ್ಟಿಕ್ ಡ್ರಮ್ಮು, ಪಕ್ಕದಲ್ಲಿ ನಿಲ್ಲಿಸಿದರೆ ಅವಳ ಎದೆಯ ಮಟ್ಟಕ್ಕೆ ಬರುವಂಥದ್ದು ಇಲ್ಲಿ ಅಕ್ಕಿಕಾಳಿನಷ್ಟು, ಹಾಗಾದರೆ ನೀರು ಎಷ್ಟು ಕೆಳಗೆ. ಹಳೇ ಕಲ್ಲುಗಣಿ. ಬೂಟಿನ ತುದಿ, ಒಂದು ಗೇಣು ಬಂಡೆ, ಆಮೇಲೆ ಗಣಿ.

ಅಣ್ಣ ಸುಳ್ಳು ಹೇಳುವವನಲ್ಲ, ಅದರಲ್ಲೂ ಚಿತ್ರದ ವಿಷಯದಲ್ಲಿ ಸುಳ್ಳಾಡಿದವನೇ ಅಲ್ಲ, ಮಂಡಿವರೆಗೂ ಹುಲ್ಲು ಅಂದರೆ ಅವನು ಹುಲ್ಲನ್ನೇ ನೋಡಿದ್ದಾನೆ, ಕಣ್ಣು ಮಸುಕಾದ ಕಡೆ ಮನಸ್ಸು ತನಗೆ ಬೇಕಾದ್ದನ್ನು ಹೊಲಿದುಕೊಂಡಿದೆ — ಒಂದೂವರೆ ವರ್ಷ. ಒಂದೂವರೆ ವರ್ಷ ಅವಳು ರುಚಿಯ ಜೊತೆ ಜಗಳವಾಡಿದ್ದಳು, ಕಪ್ಪು ಜಾಸ್ತಿ ಆಯ್ತು ಕಣೇ ಅಂತ ಅವನು ದೂರಿದ್ದು ಚಿತ್ರವನ್ನಲ್ಲ, ತನ್ನ ಕಣ್ಣನ್ನು, ಪಾಪ, ಅದು ಅವನಿಗೂ ಗೊತ್ತಿಲ್ಲ. ಹೋದ ವಾರ ಅತ್ತಿಗೆ ಹೇಳಿದ್ದು, ಟೀ ಬಗ್ಗಿಸಿದ್ರೆ ಅರ್ಧ ಲೋಟಕ್ಕೆ ಅರ್ಧ ಮೇಜಿಗೆ, ಬಾಗಿಲಿಗೆ ಹೆಗಲು ತಗುಲಿಸ್ಕೊಂಡೇ ಓಡಾಡ್ತಾರೆ ನಿಮ್ಮಣ್ಣ, ಪಕ್ಕದಲ್ಲಿ ನಾನು ನಿಂತ್ರೂ ಕಾಣಲ್ಲ, ಅದೇನು ಹೊಸದಲ್ಲ ಬಿಡು, ಮೂವತ್ತು ವರ್ಷದ ಅಭ್ಯಾಸ, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅಣ್ಣ. ಹೇಳುವುದು ಹೇಗೆ, ಕಣ್ಣೊಂದನ್ನೇ ನೆಚ್ಚಿಕೊಂಡವನಿಗೆ ನಿನಗೆ ಕಣ್ಣಿಲ್ಲ ಅಂತ ಯಾವ ಬಾಯಲ್ಲಿ — ಇಷ್ಟು ಯೋಚಿಸುವುದರೊಳಗೆ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿ ಮುಗಿಸಿತ್ತು, ಬಲಗಡೆಯ ಇಳಿಜಾರಿನಿಂದ ಒಂದು ಹಿಡಿ ಹುಲ್ಲು ಎತ್ತಿ ಗಣಿಯ ಬಾಯಿಗೆ ಹಾಸಿತ್ತು, ಇಪ್ಪತ್ತು ವರ್ಷ ಪಳಗಿದ ಕೈ, ಅಂಚು ಎಲ್ಲಿ ಸೇರಿತು ಅಂತ ಅವಳಿಗೇ ಕಾಣದು, ಮಂಡಿಯವರೆಗೂ ಹುಲ್ಲು, ಗೊರಸಿನ ಗುರುತೂ ಬೀಳದ ಹಸಿರು. ಎಷ್ಟು ಚೆನ್ನಾಗಿದೆ. ಕಳಿಸಿದರೆ ಅಣ್ಣ ಕ್ಲಬ್ಬಿನಲ್ಲಿ ನಾಲ್ಕು ಜನರೆದುರು, ನೋಡಿದ್ಯಾ, ನಾನು ಹೇಳಿರ್ಲಿಲ್ವಾ ಅಂತಾನೆ, ಖುಷಿಯಾಗಿರುತ್ತಾನೆ, ಖುಷಿಯಾಗಿ ಹೋಗಿ ಅಲ್ಲೇ ನಿಲ್ಲುತ್ತಾನೆ — ಬೆಳಿಗ್ಗೆ ಫೋನಿಡುವ ಮುಂಚೆ ಏನೋ ಅಂದಿದ್ದ, ಮೊಡವೆ ಅಳಿಸುತ್ತ ಹೂಂ ಹೂಂ ಅಂದಿದ್ದಳು, ಇವತ್ತು ಒಳ್ಳೇ ಮೋಡ ಕಣೇ, ಸಂಜೆ ಮತ್ತೆ ಅಲ್ಲಿಗೇ ಹೋಗ್ತೀನಿ, ಹೋದ ಸಲ ಎರಡು ಹೆಜ್ಜೆ ಹಿಂದೆ ನಿಂತುಬಿಟ್ಟೆ, ಇವತ್ತು ಮುಂದೆ ನಿಲ್ಬೇಕು.

ಎರಡು ಹೆಜ್ಜೆ. ಹುಲ್ಲನ್ನು ಕಿತ್ತಳು, ಗಣಿ ಮತ್ತೆ ಬಾಯಿ ತೆರೆಯಿತು, ಬೂಟಿನ ತುದಿ ಅಲ್ಲೇ ಇದೆ, ಫೋನು ಎಲ್ಲಿ, ಕಾಗದದ ಕೆಳಗೆ, ರಿಂಗು ಹೋಗುತ್ತಿದೆ ಹೋಗುತ್ತಿದೆ, ಎತ್ತಣ್ಣ, ಎತ್ತು ಎತ್ತು ಅಂತ ನೀನೇ ಪ್ರಾಣ ತಿಂದೆಯಲ್ಲ ಈಗ ನೀನೆತ್ತು — ಏನೇ, ಹುಲ್ಲು ಬಂತಾ. ಅವನ ದನಿಯ ಹಿಂದೆ ಗಾಳಿ. ಎಲ್ಲಿದ್ದೀಯಣ್ಣ. ಇನ್ನೆಲ್ಲಿ, ಜಾಗಕ್ಕೆ ಬಂದೆ, ಬೇಗ ಹೇಳು, ಬೆಳಕು ಹೋಗುತ್ತೆ. ಕೂತ್ಕೋ. ಏನು. ಇರೋ ಜಾಗದಲ್ಲೇ ಕೂತ್ಕೋ ಅಣ್ಣ, ಹೆಜ್ಜೆ ಇಡಬೇಡ. ಯಾಕೆ, ಹಾವು ಬಂದಿದ್ಯಾ ಫೋಟೋದಲ್ಲಿ, ನಗುತ್ತಾನೆ. ಅಲ್ಲಿ ಹುಲ್ಲಿಲ್ಲ. ಇದೆ ಕಣೇ, ಕಣ್ಣೆದುರಿಗೇ ಇದೆ, ನೋಡ್ತಾ ಇದ್ದೀನಲ್ಲ. ಹಾಗಾದ್ರೆ ಕೂತ್ಕೊಂಡು ಕೈ ಚಾಚು, ಮುಟ್ಟಿ ಹೇಳು ನಂಗೆ. ಕೂತೆ ತಾಯಿ, ಸರಿನಾ, ಸೊಂಟ ಕೇಳಬೇಡ, ಈಗ ಏನು, ಹುಲ್ಲು ಮುಟ್ಟಬೇಕು, ಮುಟ್ಟಿದೆ ಅಂದ್ಕೋ — ಬಟ್ಟೆ ಕಲ್ಲಿಗೆ ಉಜ್ಜಿದ ಸದ್ದು, ಸಣ್ಣ ಕಲ್ಲೊಂದು ಜಾರಿದ ಸದ್ದು, ಅದು ಬಿದ್ದ ಸದ್ದು ಬರಲಿಲ್ಲ, ಬರಲೇ ಇಲ್ಲ, ಆಮೇಲೆ ಎಲ್ಲೋ ಕೆಳಗೆ, ಬಹಳ ಕೆಳಗೆ, ನೀರು. ಅಣ್ಣ. ಉಸಿರು ಕೇಳುತ್ತಿದೆ. ಅಣ್ಣ, ಹಿಂದಕ್ಕೆ ಸರಿ, ಕೂತೇ ಸರಿ. ಬಟ್ಟೆ ಮತ್ತೆ ಕಲ್ಲಿಗೆ ಉಜ್ಜುತ್ತದೆ, ಸ್ವಲ್ಪ ಸ್ವಲ್ಪವೇ, ಪರದೆಯ ಮೇಲೆ ಬೂಟಿನ ತುದಿ, ರಬ್ಬರಿನ ಮೂತಿ, ಸಡಿಲವಾದ ಲೇಸು, ಒಂದು ಗೇಣು ಬಂಡೆ, ಬೂಟಿನ ತುದಿ, ಒಂದು ಗೇಣು, ಬೂಟಿನ ತುದಿ