ಹಿಂದಿನ ಸೀಟಿನ ಬೆಲ್ಲು

ಆಸ್ಪತ್ರೆಯ ಟೆಲಿಫೋನ್ ಆಪರೇಟರಿಗೆ ಹುಟ್ಟಿನಿಂದಲೂ ಕಣ್ಣು ಕಾಣುತ್ತಿರಲಿಲ್ಲ. ಅದನ್ನು ಅವನು ದೊಡ್ಡದು ಮಾಡಿದವನಲ್ಲ. ಈ ದನಿಯನ್ನು ಆ ದನಿಗೆ ಜೋಡಿಸುವ ಕೆಲಸಕ್ಕೆ ಕಿವಿ ಸಾಕು, ಬೆರಳು ಸಾಕು. ಅವನಿಗೆ ದೊಡ್ಡದಾದದ್ದು ಬೇರೆಯೇ: ಹೆಂಡತಿ ಹೋದಮೇಲೆ ಮನೆಯ ಎರಡನೆಯ ಬೆತ್ತದ ಕುರ್ಚಿ ಕಿರುಗುಟ್ಟುವುದನ್ನು ನಿಲ್ಲಿಸಿಬಿಟ್ಟಿತ್ತು. ಅವಳು ಆ ಕುರ್ಚಿಯಲ್ಲಿ ಸುಮ್ಮನೆ ಕೂತವಳೇ ಅಲ್ಲ. ಕಾಲು ಮಡಚುವಳು, ಬಿಡಿಸುವಳು, ಕೆಳಗೆ ಬಿದ್ದ ದಾರಕ್ಕೆ ಬಗ್ಗುವಳು. ಕುರ್ಚಿ ಅವಳ ಪರವಾಗಿ ಮಾತಾಡುತ್ತಲೇ ಇರುತ್ತಿತ್ತು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಕಣ್ಣಿನ ಡಾಕ್ಟರು ಬೇಕೆಂದು ಆಸ್ಪತ್ರೆಗೆ ಫೋನು ಮಾಡುವಳು. ಡಾಕ್ಟರ ಲೈನು ಖಾಲಿ ಇದ್ದರೂ ಇವನು "ಬಿಜಿ ಇದೆ, ಸ್ವಲ್ಪ ಹೋಲ್ಡ್ ಮಾಡಿ" ಎನ್ನುವನು. ಆ ಸ್ವಲ್ಪದಲ್ಲೇ ಮಳೆಯ ಮಾತು ಬಂತು, ಅಂಗಡಿಯ ಯಜಮಾನನ ಜಿಪುಣತನದ ಮಾತು ಬಂತು, ಕೊನೆಗೆ ಮದುವೆಯ ಮಾತೂ ಬಂತು. "ಅಂಗಡಿ ತುಂಬ ಕನ್ನಡಕ ಇಟ್ಕೊಂಡು, ಒಂದೂ ಹೊಂದದೇ ಇರೋ ಗಿರಾಕೀನೇ ಹುಡುಕ್ಕೊಂಡೆಯಲ್ಲೇ" ಎಂದು ತಂಗಿ ರೇಗಿಸಿದರೆ, "ಒಳ್ಳೇದೇ ಆಯ್ತು ಬಿಡು, ವರ್ಷವರ್ಷ ನಂಬರ್ ಬದಲಾಗೋ ರಗಳೆ ಇಲ್ಲ" ಎಂದಿದ್ದಳಂತೆ.

ಮದುವೆಯಾದ ಹೊಸತರಲ್ಲೇ ಅವಳು ಒಂದು ಹಳೆಯ ಜೋಡಿ ಸೈಕಲ್ಲು ಕೊಂಡು ತಂದಳು. ಎರಡು ಸೀಟು, ಎರಡು ಜೊತೆ ಪೆಡಲು. ಮುಂದೆ ಅವಳು, ಹಿಂದೆ ಇವನು. ಬೆಲ್ಲನ್ನು ಬಿಚ್ಚಿಸಿ ಹಿಂದಿನ ಹಿಡಿಗೆ ಹಾಕಿಸಿದಳು.

"ನೋಡೋದು ನನ್ನ ಕೆಲಸ, ಕೂಗೋದು ನಿಮ್ಮ ಕೆಲಸ. ಪುಕ್ಕಟೆ ಸವಾರಿ ಇಲ್ಲ" ಎಂದಳು.

ಅವಳು "ಹ್ಞಾಂ" ಅಂದರೆ ಇವನು ಬೆಲ್ಲು ಒತ್ತಬೇಕು. ಎಷ್ಟೋ ಸಲ ಅವಳು ಹೇಳುವ ಮೊದಲೇ ಒತ್ತಿರುತ್ತಿದ್ದ. ಮುಖಕ್ಕೆ ಗಾಳಿ ಹೊಡೆಯುವುದು, ತಿರುವಿನಲ್ಲಿ ಮೈ ವಾಲುವುದು, ಇದೆಲ್ಲ ಅವನಿಗೆ ಸಿಕ್ಕಿದ್ದು ಆ ಸೀಟಿನ ಮೇಲೆ. ಆದರೆ ಮನೆಯ ಮುಂದಿನ ರಸ್ತೆ ಲಾರಿ ಬಸ್ಸುಗಳ ರಸ್ತೆ. ಭಾನುವಾರ ಬೆಳಕು ಹರಿಯುವ ಹೊತ್ತು ಬಿಟ್ಟರೆ ಸೈಕಲ್ಲು ಹೊರಗೆ ಬರುತ್ತಿರಲಿಲ್ಲ. "ಈ ರಸ್ತೆಗೆ ಒಂದು ಸೈಕಲ್ ದಾರಿ ಆಗ್ಲೇಬೇಕು. ದಿನಾ ಕರ್ಕೊಂಡು ಹೋಗ್ತೀನಿ ನಿಮ್ಮನ್ನ" ಎಂದು ಅವಳು ತಂಗಿಯನ್ನು ಜೊತೆಗೆ ಕಟ್ಟಿಕೊಂಡು ಮನೆಮನೆ ತಿರುಗಿದಳು, ನಗರಸಭೆಯ ಮೆಟ್ಟಿಲು ಸವೆಸಿದಳು. ದಾರಿ ಬರುವ ಮೊದಲು ಜ್ವರ ಬಂತು. ಜ್ವರ ಎದೆಗಿಳಿಯಿತು. ಅವನ ಆಸ್ಪತ್ರೆಯಲ್ಲೇ ಅವಳಿಗೊಂದು ಮೂಲೆಯ ಹಾಸಿಗೆ ಸಿಕ್ಕಿತು.

ಒಂದು ಮಧ್ಯಾಹ್ನ ಅವನ ಟೆಲಿಫೋನ್ ಬೋರ್ಡಿಗೆ ವಾರ್ಡಿನಿಂದ ಕರೆ ಬಂತು. ಹೊಸ ನರ್ಸು. "ಮೂಲೆ ಹಾಸಿಗೆಯವರ ಮನೆಯವರಿಗೆ ಲೈನು ಕೊಡಿ, ಬೇಗ" ಎಂದಳು.

"ಲೈನಿನಲ್ಲೇ ಇದ್ದೀನಮ್ಮ. ಹೇಳಿ" ಎಂದ ಅವನು.

ಅದಾಗಿ ವರ್ಷ ತುಂಬಿರಲಿಲ್ಲ. ನಾದಿನಿ ಮೊದಮೊದಲು ಬಂದುಹೋಗುತ್ತಿದ್ದಳು, ಆಮೇಲೆ ಅವಳಿಗೂ ತನ್ನ ಸಂಸಾರ. ಅವನ ಸ್ವಂತ ಅಕ್ಕ ದೂರದ ಊರಿನಿಂದ ಫೋನು ಮಾಡಿ ಒಂದೇ ರಾಗ ಹಾಡುವಳು: "ಒಬ್ಬನೇ ಯಾಕೋ ಒದ್ದಾಡ್ತೀಯ? ಇಲ್ಲಿಗೆ ಬಾ. ಹಿಂದಿನ ರೂಮು ಖಾಲಿ ಇದೆ." ಅಕ್ಕನ ಪ್ರೀತಿ ಸುಳ್ಳಲ್ಲ. ಆದರೆ ಆ ರೂಮಿಗೆ ಹೋದರೆ ಬೋರ್ಡು ಹೋಯಿತು, ಬಸ್ಸು ಹೋಯಿತು, ಈ ಮನೆ ಹೋಯಿತು. ಉಳಿಯುವುದು ಊಟಕ್ಕೆ ಕರೆಯುವುದನ್ನು ಕಾಯುವ ಕೆಲಸ ಒಂದೇ. "ಬಸ್ಸು ಹತ್ತೋಕಾಗೋವರೆಗೂ ಇಲ್ಲೇ ಇರ್ತೀನಿ ಅಕ್ಕ" ಎನ್ನುತ್ತಿದ್ದ. ಮೆಟ್ಟಿಲಿಳಿದರೆ ಫುಟ್‌ಪಾತು, ಫುಟ್‌ಪಾತಿನ ಅಂಚಿನಲ್ಲೇ ಬಸ್‌ಸ್ಟಾಪು. ಕೋಲಿಗೂ ಕಾಲಿಗೂ ಬಾಯಿಪಾಠವಾದ ದಾರಿ.

ಹೀಗಿರುವಾಗ ಒಂದು ಸಂಜೆ ನಾದಿನಿ ಉಸಿರು ಕಟ್ಟಿಕೊಂಡು ಓಡಿಬಂದಳು.

"ಭಾವಾ, ಬಂತು! ಅಕ್ಕ ಕೇಳಿದ್ದ ಸೈಕಲ್ ದಾರಿ ಬಂತು! ಸ್ಕೂಲ್ ಹಾಲಿನಲ್ಲಿ ಸಭೆ ಇದೆ, ಜನ ಏನಂತಾರೆ ಕೇಳ್ತಾರಂತೆ. ನೀವು ಮಾತಾಡ್ಬೇಕು. ಅಕ್ಕನ ಗಂಡ ಎದ್ದು ನಿಂತು ಬೇಕು ಅಂದ್ರೆ ಯಾವನು ಬೇಡ ಅಂತಾನೆ?"

ಅವನ ಕೈಹಿಡಿದು ಮೇಜಿನ ಮೇಲೆ ನಕ್ಷೆಯನ್ನೇ ಹರಡಿದಳು. ಬಿಸ್ಕತ್ತು ಅವನ ಮನೆ. ಪಕ್ಕದ ಮಡಚಿದ ಬಟ್ಟೆ ಫುಟ್‌ಪಾತು. ಅದರಾಚೆ ಉದ್ದಕ್ಕೆ ಮಲಗಿಸಿದ ಚಮಚ ಸೈಕಲ್ ದಾರಿ.

"ಬಸ್‌ಸ್ಟಾಪು?" ಎಂದು ಕೇಳಿದ.

ಅವಳು ತಟ್ಟೆಯನ್ನು ಚಮಚದ ಆಚೆಗೆ ಸರಿಸಿದಳು. "ಇಲ್ಲಿ."

ಅವನ ಬೆರಳು ಬಟ್ಟೆಯಿಂದ ಚಮಚಕ್ಕೆ ಹೋಯಿತು, ಚಮಚದ ಮೇಲೆ ನಿಂತುಬಿಟ್ಟಿತು. ಕಾರು ದೂರದಿಂದಲೇ ಗುರುಗುಟ್ಟುತ್ತದೆ, ಬಸ್ಸು ನೆಲವನ್ನೇ ನಡುಗಿಸುತ್ತದೆ. ಸೈಕಲ್ಲು ಬೆಕ್ಕಿನ ಹಾಗೆ ಬರುತ್ತದೆ. ಮೈಮೇಲೆ ಬಿದ್ದಾಗಲೇ ಬಂತೆಂದು ಗೊತ್ತಾಗುವುದು. ಅವನೊಬ್ಬನೇ ದಾಟಿ ಬಸ್ಸಿಗೆ ಹೋಗುವುದು ಹೇಗೆ? ಬೇಕು ಎನ್ನಲು ಹೆಂಡತಿಯ ಆಸೆ ಇತ್ತು, ಬೇಡ ಎನ್ನಲು ತನ್ನ ಎರಡು ಕಾಲು ಇದ್ದವು.

"ಯೋಚನೆ ಮಾಡ್ತೀನಿ ಕಣಮ್ಮ" ಎಂದ.

"ಇದರಲ್ಲಿ ಯೋಚನೆ ಎಂಥದ್ದು ಭಾವ? ನಾಳಿದ್ದು ಮತ್ತೆ ಬರ್ತೀನಿ, ಕೂತು ಮಾತಾಡೋಣ."

ಅವಳು ಹೋದಮೇಲೆ ಅವನ ಕಿವಿಯಲ್ಲಿ ಉಳಿದದ್ದು ದಾರಿಯ ಮಾತಲ್ಲ. ಮಾತಾಡುವಷ್ಟು ಹೊತ್ತೂ ಅವಳು ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು, ಕುರ್ಚಿ ಕಿರುಗುಟ್ಟಿತ್ತು.

ಮಾರನೆಯ ದಿನ ಕೆಳಗಿನ ಔಷಧಿ ಅಂಗಡಿಯವನು ಮೆಟ್ಟಿಲು ಹತ್ತಿಬಂದ. ಆಪರೇಟರನ ಹೆಂಡತಿ ಸತ್ತ ವಾರ ಬಂದಿದ್ದವನು, ಮತ್ತೆ ಬಂದಿರಲಿಲ್ಲ. ಅವನ ಅಂಗಡಿಯ ಮುಂದೆ ಕಾರು ನಿಲ್ಲಿಸುವ ಜಾಗವನ್ನೇ ಸೈಕಲ್ ದಾರಿ ನುಂಗುವುದಿತ್ತು.

"ಆಪರೇಟರ್ರೇ, ನೀವು ಎದ್ದು ನಿಂತು ಒಂದು ಮಾತು ಹೇಳಿಬಿಡಿ, ನನ್ನಂಥೋರಿಗೆ ಇದು ಅಪಾಯ ಅಂತ. ನಾವು ನೂರು ಜನ ಬಾಯಿ ಬಡ್ಕೊಳ್ಳೋದೂ ಒಂದೇ, ನಿಮ್ಮದು ಒಂದು ಮಾತೂ ಒಂದೇ" ಎಂದು ಕುರ್ಚಿ ಎಳೆದುಕೊಂಡು ಕೂತ. ಭಾರದ ಆಳು. ಕುರ್ಚಿ ಇನ್ನೂ ಜೋರಾಗಿ ಕಿರುಗುಟ್ಟಿತು.

"ಯೋಚನೆ ಮಾಡ್ತೀನಿ" ಎಂದ ಆಪರೇಟರ್. "ಕಾಫಿ ಕುಡೀತೀರಾ?"

ಅಲ್ಲಿಂದ ಶುರುವಾಯಿತು. ಒಂದು ಸಂಜೆ ನಾದಿನಿ, ಒಂದು ಸಂಜೆ ಅಂಗಡಿಯವನು. ಅವಳ ಮಾತಿಗೆ "ನಿಜ ಕಣಮ್ಮ" ಎನ್ನುವನು, ಇವನ ಮಾತಿಗೆ "ಅದೂ ಸರಿಯೇ" ಎನ್ನುವನು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಹಳೆಯ ಕಸುಬು ಕೈಬಿಟ್ಟಿರಲಿಲ್ಲ, ಇಬ್ಬರನ್ನೂ ಹೋಲ್ಡಿನಲ್ಲಿಟ್ಟಿದ್ದ. ಬೇಕು ಎಂದರೆ ಅಂಗಡಿಯವನು ಬರುವುದಿಲ್ಲ, ಬೇಡ ಎಂದರೆ ನಾದಿನಿ ಬರುವುದಿಲ್ಲ. ಯಾವುದೋ ಒಂದು ಹೇಳಿಬಿಟ್ಟರೆ ಗೆದ್ದವರೂ ಕೆಲಸ ಮುಗಿಯಿತೆಂದು ಎದ್ದುಹೋಗುತ್ತಾರೆ. ಆಸ್ಪತ್ರೆಯಿಂದ ಬರುವಾಗ ಬಿಸ್ಕತ್ತು ತರುವುದನ್ನು ಕಲಿತ. ಎರಡನೆಯ ಲೋಟ ಹೊರಗೆ ಬಂತು.

ಒಂದು ದಿನ ಲೆಕ್ಕ ತಪ್ಪಿ ಇಬ್ಬರೂ ಒಟ್ಟಿಗೇ ಬಂದರು.

"ಓಹೋ, ಸೈಕಲ್ ಮೇಡಂ ಇಲ್ಲೇ ಇದ್ದಾರೆ" ಎಂದ ಅಂಗಡಿಯವನು.

"ಇದು ನನ್ನ ಭಾವನ ಮನೆ. ನೀವೇನು, ಮಾತ್ರೆ ಕೊಡೋಕೆ ಬಂದ್ರಾ?"

"ಸತ್ಯ ಹೇಳೋಕೆ ಬಂದೆ. ಸೈಕಲ್ ಹೊಡಿ ಅಂತ ಜನಕ್ಕೆ ಹೇಳೋದು ಸರ್ಕಾರದ ಕೆಲಸವೇನಮ್ಮ? ಇವತ್ತು ಸೈಕಲ್ ಹೊಡಿ ಅಂತಾರೆ, ನಾಳೆ ಬೇಗ ಮಲಕ್ಕೋ ಅಂತಾರೆ."

"ಕಾರಿಗೆ ರಸ್ತೆ ಹಾಕ್ಕೊಟ್ಟಿದ್ದು ಯಾರು, ನಿಮ್ಮ ತಾತನಾ? ಅದೂ ಸರ್ಕಾರವೇ. ಆಗ ಯಾಕೆ ಬಾಯಿ ಬರ್ಲಿಲ್ಲ?"

"ಜ್ವರದ ಮಗು ಕರ್ಕೊಂಡು ಬರೋ ತಾಯಿ ಕಾರು ಎಲ್ಲಿ ನಿಲ್ಲಿಸಬೇಕು? ನಿಮ್ಮ ತಲೆ ಮೇಲಾ?"

"ಎಲ್ಲರೂ ಸೈಕಲ್ ಹೊಡೆದು ಗಟ್ಟಿಯಾದ್ರೆ ಮಾತ್ರೆ ಕೇಳೋರು ಇರಲ್ಲ ಅಂತ ನಿಮಗೆ ಹೊಟ್ಟೆಉರಿ. ಅದಕ್ಕೂ ನಿಮ್ಮ ಹತ್ರಾನೇ ಸಿರಪ್ ಇರ್ಬೇಕಲ್ಲ, ಕುಡೀರಿ!"

ಆಪರೇಟರಿಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಇಷ್ಟು ಗಲಾಟೆ ಕೇಳಿ ಎಷ್ಟು ಕಾಲವಾಗಿತ್ತು! ನಕ್ಕಿದ್ದೇ ತಪ್ಪಾಯಿತು. ಇಬ್ಬರೂ ತಟ್ಟನೆ ಅವನ ಕಡೆ ತಿರುಗಿದರು.

"ಭಾವ, ನೀವು ಇವರಿಗೂ ಯೋಚನೆ ಮಾಡ್ತೀನಿ ಅಂದಿದ್ದೀರಾ?"

ಅವನು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆಗೆ ಸರಿಸಿದ. ಲೋಟ ಮೇಜಿಗಿಟ್ಟ ಸದ್ದು. ಅಂಗಡಿಯವನು "ನಾಳೆ ಸಭೆ. ನಾಳೆ ನೋಡೋಣ" ಎಂದು ಮೆಟ್ಟಿಲಿಳಿದ. ಅವಳೂ ಇಳಿದಳು.

ಸ್ಕೂಲ್ ಹಾಲಿನಲ್ಲಿ ಕಬ್ಬಿಣದ ಕುರ್ಚಿಗಳು ನೆಲ ಕೆರೆಯುತ್ತಿದ್ದವು. ಆಪರೇಟರನ ಎಡಕ್ಕೆ ನಾದಿನಿ ಕೂತಳು, ಬಲಕ್ಕೆ ಅಂಗಡಿಯವನು. ಹೆಸರು ಕರೆದಾಗ ಯಾರೋ ಕೈಗೆ ಮೈಕು ಕೊಟ್ಟರು. ದಿನವಿಡೀ ಮಾತಾಡುವವನು, ಆದರೆ ಯಾವಾಗಲೂ ಇಬ್ಬರ ನಡುವೆ. ಎಲ್ಲರೂ ಒಟ್ಟಿಗೆ ತನ್ನ ಮಾತೇ ಕೇಳುವುದು ಇದೇ ಮೊದಲು.

"ಈ ದಾರಿ ಬೇಕು ಅಂತ ಮೊದಲು ಕೇಳಿದವಳು ನನ್ನ ಹೆಂಡತಿ" ಎಂದ. "ಆ ರಸ್ತೇಲಿ ಅವಳ ಹಿಂದೆ ಕೂತು ಹೋಗಿದ್ದೀನಿ. ಪಕ್ಕದಲ್ಲಿ ಲಾರಿ ಹೋದಾಗ ಅವಳು ಉಸಿರು ಬಿಗಿಹಿಡಿಯೋದು ನನಗೆ ಕೇಳಿಸ್ತಿತ್ತು. ಅಂಥ ಹೆದರಿಕೆ ಯಾರಿಗೂ ಬೇಡ. ದಾರಿ ಮಾಡಿ." ಎಡಗಡೆ ನಾದಿನಿ ಅತ್ತಳು. "ಆದ್ರೆ ಅದನ್ನ ದಾಟಿ ಬಸ್ಸಿಗೆ ಹೋಗೋಕೆ ನನಗೆ ಭಯ. ಸೈಕಲ್ಲು ಬರೋದು ಕೇಳಲ್ಲ. ಸುಳ್ಳು ಹೇಳಲಾರೆ, ತುಂಬಾ ಭಯ. ಸ್ಟಾಪು ಈಕಡೆಗೇ ಇರಲಿ."

ಇಂಜಿನಿಯರು ಗಂಟಲು ಸರಿಮಾಡಿಕೊಂಡ. "ಸ್ಟಾಪು ಈಕಡೆ ಇಡೋಕಾಗಲ್ಲ ಸಾರ್, ಬಸ್ಸು ಸೈಕಲ್ ದಾರಿಗೇ ನುಗ್ಗಬೇಕಾಗುತ್ತೆ. ದಾಟೋ ಜಾಗದಲ್ಲಿ ನಿಧಾನವಾಗಿ ಹೋಗಿ ಅಂತ ದೊಡ್ಡ ಬೋರ್ಡು ಹಾಕಿಸ್ತೀವಿ."

"ಹಾಕಿಸಿ ಸಾರ್. ನಾನು ಓದ್ಕೋತೀನಿ."

ಹಾಲು ಘೊಳ್ಳೆಂದು ನಕ್ಕಿತು. ನಕ್ಕ ಮೇಲೆ ಮುಂದಿನವರ ಹೆಸರು ಕರೆದರು. ಅವನ ಮಾತು ಅಲ್ಲಿಗೆ ಮುಗಿಯಿತು.

ದಾರಿ ಮಂಜೂರಾಯಿತು. ಮಳೆ ನಿಂತಮೇಲೆ ಕೆಲಸ ಹಿಡಿದರು. ಅಗೆತದ ಕಾಲದಲ್ಲಿ ಸ್ಟಾಪು ಪಕ್ಕದ ಬೀದಿಯಲ್ಲಿತ್ತು, ಹೇಗೋ ನಡೆಯಿತು. ಅಂಗಡಿಯವನು ಮತ್ತೆ ಮೆಟ್ಟಿಲು ಹತ್ತಲಿಲ್ಲ. ನಾದಿನಿ ಒಮ್ಮೆ ಬಂದು, ನಿಂತೇ, "ಬೇಕು ಅಂದ್ರಲ್ಲ ಭಾವ, ಅಷ್ಟು ಸಾಕು" ಎಂದು ಕೈ ಒತ್ತಿ ಹೋದಳು. ಈಗ ಬೇರೆ ರಸ್ತೆಗೂ ಇಂಥದೇ ದಾರಿ ಬೇಕೆಂದು ಓಡಾಡುತ್ತಿದ್ದಳು. ಬಿಸ್ಕತ್ತು ಡಬ್ಬಿಯಲ್ಲೇ ಮೆತ್ತಗಾಯಿತು.

ದಾರಿ ತೆರೆದ ಬೆಳಿಗ್ಗೆ ಅವನು ಫುಟ್‌ಪಾತಿನ ಅಂಚಿಗೆ ಬಂದು ನಿಂತ. ಕೋಲು ಮುಂದೆ ಚಾಚಿದ. ಸರ್ರೆಂದು ಗಾಳಿಯೊಂದು ಮೂಗಿನ ಮುಂದೆ ಹಾದುಹೋಯಿತು. ಕೋಲಿನ ತುದಿಗೆ ಏನೋ ತಗುಲಿ, "ನೋಡ್ಕೊಂಡ್ ಬರ್ರೀ!" ಎಂಬ ಕೂಗು ಆಗಲೇ ದೂರ ಹೋಗಿತ್ತು. ಮತ್ತೊಂದು ಗಾಳಿ. ಇನ್ನೊಂದು. ಆಚೆ ಅವನ ಬಸ್ಸು ಬಂತು, ಬಾಗಿಲು ಬುಸ್ಸೆಂದಿತು, ಹೊರಟುಹೋಯಿತು. ಎಷ್ಟು ಜನ ಸೈಕಲ್ಲಿನಲ್ಲಿ ಹೋಗುತ್ತಿದ್ದಾರೆ! ಹೆಂಡತಿಗೆ ಹೇಳಬೇಕು ಅನ್ನಿಸಿತು. ಮನೆಗೆ ಹಿಂತಿರುಗಿ ಆಸ್ಪತ್ರೆಗೆ ಫೋನು ಮಾಡಿ ಮೈಗೆ ಹುಷಾರಿಲ್ಲವೆಂದ.

ಅದೇ ದಿನ ಅಕ್ಕನ ಫೋನು. "ಬಸ್ಸಿಗೆ ಹೋದೆಯೇನೋ?"

"ಅಂಚಿನವರೆಗೂ ಹೋಗಿದ್ದೆ" ಎಂದ.

"ಸಾಕು ಬಾರೋ. ರೂಮು ಗುಡಿಸಿ ಇಡ್ತೀನಿ."

"ನಾಳೆ ಒಂದು ದಿನ ನೋಡ್ತೀನಿ ಅಕ್ಕ" ಎಂದ. ಅಕ್ಕನನ್ನು ಹೋಲ್ಡಿನಲ್ಲಿಡುವ ಉಪಾಯವಾಗಿರಲಿಲ್ಲ ಅದು. ನಿಜವಾಗಿಯೂ ಒಂದು ದಿನ.

ಜೋಡಿ ಸೈಕಲ್ಲು ಮೆಟ್ಟಿಲ ಕೆಳಗೆ ಗೋಡೆಗೆ ಒರಗಿತ್ತು. ಟೈರು ನೆಲಕ್ಕಂಟಿತ್ತು, ಮುಂದಿನ ಸೀಟಿನ ಮೇಲೆ ಧೂಳು ಹಿಟ್ಟಿನಂತೆ ಕೂತಿತ್ತು. ಅದನ್ನು ಒರೆಸದೆ ಹಿಂದಿನ ಹಿಡಿಗೆ ಕೈಹಾಕಿದ. ತುಕ್ಕು ಹಿಡಿದ ತಿರುಪು ಬೇಗ ಬಿಡಲಿಲ್ಲ. ಬೆಲ್ಲು ಕೈಗೆ ಬಂದಾಗ ತಣ್ಣಗಿತ್ತು, ಅಂಗೈಯಷ್ಟೇ ಇತ್ತು.

ಮರುದಿನ ಅಂಚಿಗೆ ಬಂದು ಬಲಗೈಯಲ್ಲಿ ಕೋಲು ಹಿಡಿದ, ಎಡಗೈಯಲ್ಲಿ ಬೆಲ್ಲು. "ಹ್ಞಾಂ" ಎನ್ನುವವರು ಇರಲಿಲ್ಲ. ತಾನೇ ಒಂದು ಉಸಿರು ತೆಗೆದುಕೊಂಡು ಒತ್ತಿದ. ಟ್ರಿಂಣ್, ಟ್ರಿಂಣ್. ಹಳೆಯ ಕಾಲದ ಗಟ್ಟಿ ಕಂಚಿನ ದನಿ. ಎಡಕ್ಕೆ ಒಂದು ಬ್ರೇಕು ಕಿರುಚಿತು, ಬಲಕ್ಕೆ ಇನ್ನೊಂದು. ಯಾವುದೋ ದೊಡ್ಡ ಸೈಕಲ್ಲು ಅಡ್ಡ ಬರುತ್ತಿದೆಯೆಂದು ಎಲ್ಲರೂ ಕಾಲೂರಿ ನಿಂತಿರಬೇಕು. ಅವನು ಬೆಲ್ಲು ಒತ್ತುತ್ತಲೇ ಹೆಜ್ಜೆ ಹಾಕಿದ.

ನಡುವಿನಲ್ಲಿ ಒಂದು ಹೆಣ್ಣುದನಿ, ಹತ್ತಿರದಿಂದ: "ಬೆಲ್ಲು ಕೇಳಿಸ್ತು, ಸೈಕಲ್ಲೇ ಇಲ್ವಲ್ಲ ಸಾರ್?"

"ಇದೆಯಮ್ಮ. ಮುಂದಿನ ಸೀಟಿನವರು ಮುಂಚೆ ಹೋಗಿಬಿಟ್ರು."

ಅವಳಿಗೆ ಅರ್ಥವಾಯಿತೋ ಇಲ್ಲವೋ. "ಬನ್ನಿ, ದಾರಿ ಖಾಲಿ ಇದೆ" ಎಂದಳು. ಅವನ ಕೋಲಿಗೆ ಆಚೆಯ ಅಂಚು ಸಿಕ್ಕಿತು. ಹಿಂದೆ ಸೈಕಲ್ಲುಗಳು ಸದ್ದಿಲ್ಲದೆ ಹೊರಟುಹೋದವು, ಅವಳದೂ ಹೋಯಿತು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂರುವಾಗ ಜೇಬಿನ ಬೆಲ್ಲು ಕಂಬಿಗೆ ತಾಗಿ ಒಮ್ಮೆ ಸದ್ದು ಮಾಡಿತು. ಪಕ್ಕದಲ್ಲಿ ನಿಂತಿದ್ದವರು ಯಾರಿಗೋ ದಾರಿ ಬಿಡುವಂತೆ ಅತ್ತ ಸರಿದರು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ಆ ಜಾಗ ಹಾಗೇ ಖಾಲಿ ಇತ್ತು.