ಹುಳುಮನೆಯ ಬಿಸಿ

ಸರಸಮ್ಮ ಬಿಳಿ ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ರಸ್ತೆ ದಾಟಿ, ಹೂವಿನಂಗಡಿಯ ನೆರಳಿನಲ್ಲಿ ನಿಂತಳು. ಈಚೆ ಕಡೆ ಗಡಿಯಾರದಂಗಡಿಯ ಗಫಾರ್ ಸಾಹೇಬರು ಇನ್ನೊಂದು ಡಬ್ಬಿಯ ಗಾಜಿನ ಮುಖ ನೋಡುತ್ತ ಅಂಕಿ ಕೂಗುತ್ತಿದ್ದರು. ಇಪ್ಪತ್ತೆಂಟು. ಒಸಿ ಹೊತ್ತು ಬಿಟ್ಟು ಮೂವತ್ತು. ಇನ್ನೊಸಿ ಹೊತ್ತಿಗೆ ಮೂವತ್ತೆರಡು. ನಡುವೆ ಮಾಗಡಿ ಬಸ್ಸು ಹೋಯಿತು, ರೇಷ್ಮೆಗೂಡಿನ ಮೂಟೆ ತುಂಬಿದ ಆಟೋಗಳು ಹೋದವು, ಆದರೂ ಅಂಕಿ ಏರುವುದು ನಿಲ್ಲಲಿಲ್ಲ. ತಂತಿ ಇಲ್ಲ, ಏನಿಲ್ಲ, ತನ್ನ ಅಂಗೈ ಬಿಸಿ ರಸ್ತೆ ದಾಟಿ ಸಾಹೇಬರ ಕಣ್ಣಿಗೆ ಬೀಳುತ್ತಿದೆಯಲ್ಲ ಎಂದು ಅವಳಿಗೆ ಬೆರಗಾಯಿತು. ಹೂವಿನವಳು ಮೊಳ ಹಾಕುವುದನ್ನು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದಳು.

ಸಾಹೇಬರು ಮೊದಲು ಬೇರೆ ಎರಡನ್ನು ತೋರಿಸಿದ್ದರು. ಒಂದಕ್ಕೆ ಉದ್ದನೆಯ ವೈರು. ಅದನ್ನು ಹುಳುಮನೆಯ ಕಿಟಕಿಯಲ್ಲಿ ಹಾಯಿಸಿದರೆ ಕಿಟಕಿ ಪೂರ್ತಿ ಮುಚ್ಚುವುದಿಲ್ಲ ಎಂದು ಸರಸಮ್ಮ ಕೈಯಲ್ಲೂ ಮುಟ್ಟಲಿಲ್ಲ. ಇನ್ನೊಂದು ತಾನು ಕೂತ ಕೋಣೆಯ ಬಿಸಿಯನ್ನು ಮಾತ್ರ ಹೇಳುವಂಥದ್ದು. ಮೂರನೆಯದೇ ಇದು. ಗಾಜಿನ ಮುಖದ್ದು ಮನೆಯಲ್ಲಿ, ಬಿಳಿ ಡಬ್ಬಿ ದೂರದಲ್ಲಿ. ಅಂಕಿಗಳು ಕನ್ನಡಕವಿಲ್ಲದೆ ಓದುವಷ್ಟು ದಪ್ಪ. ಬಿಸಿ ಹೇಳುತ್ತದೆ, ಗಾಳಿಯ ತೇವ ಹೇಳುತ್ತದೆ, ನಾಳೆ ಮಳೆಯೋ ಬಿಸಿಲೋ ಅಂತ ಒಂದು ಸಣ್ಣ ಮೋಡವನ್ನೋ ಸೂರ್ಯನನ್ನೋ ಬರೆದು ತೋರಿಸುತ್ತದೆ. ಸಾಹೇಬರು ಆ ಮೋಡವನ್ನು ಬಹಳ ಹೊಗಳಿದರು. ಸರಸಮ್ಮನಿಗೆ ಮೋಡ ಬೇಕಿರಲಿಲ್ಲ.

"ಇದ್ಕೆ ನನ್ ಕೈ ಬಿಸಿ, ಕೋಣೆ ಬಿಸಿ ಬ್ಯಾರೆ ಬ್ಯಾರೆ ಅಂತ ಗೊತ್ತಾಯ್ತದಾ?" ಎಂದು ಕೇಳಿದಳು.

"ಬಿಸಿ ಎಷ್ಟು ಅಂತ ಹೇಳ್ತದೆ ಅಮ್ಮ, ಯಾರದು ಅಂತ ಹೇಳಲ್ಲ," ಎಂದು ನಕ್ಕರು ಗಫಾರ್. "ನೀರು ಒಂದು ತಾಗಿಸ್ಬೇಡಿ."

ಅವಳು ಯಾಕೆ ಹಾಗೆ ಕೇಳಿದಳೆಂದು ಊರಲ್ಲಿದ್ದ ಗಂಡ ರಾಮಲಿಂಗಯ್ಯನಿಗೂ ಗೊತ್ತಿರಲಿಲ್ಲ. ರೇಷ್ಮೆಹುಳ ಸಾಕುವ ಮನೆಯಲ್ಲಿ ಹುಳುಮನೆಗೆ ಹೋಗುವವರು ಒಬ್ಬರೇ. ಕಂಡಕಂಡವರು ಕಾಲಿಟ್ಟರೆ ಹುಳಕ್ಕೆ ರೋಗ. ಈ ಮನೆಯಲ್ಲಿ ಆ ಒಬ್ಬಳು ಸರಸಮ್ಮ, ಮದುವೆಯಾಗಿ ಬಂದಾಗಿನಿಂದಲೂ. ರೇಷ್ಮೆ ಇಲಾಖೆಯವರು ಕೊಟ್ಟ ಜೋಡಿ ಕೊಳವೆಯ ಥರ್ಮಾಮೀಟರಿನ ಕೂದಲೆಳೆಯಂಥ ಗೆರೆಗಳು ಅವಳ ಕಣ್ಣಿಗೆ ಎಂದೂ ಕಂಡಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಬಾಗಿಲು ತೆಗೆದು ಒಳಗೆ ಹೋದರೆ ಕೆನ್ನೆಗೇ ಗೊತ್ತಾಗುತ್ತಿತ್ತು, ಕಿಟಕಿ ತೆಗೆಯಬೇಕೋ ಇದ್ದಿಲ ಒಲೆ ಹಚ್ಚಬೇಕೋ ಎಂದು.

ಆ ಕೆನ್ನೆ ಈಗ ಸುಳ್ಳು ಹೇಳತೊಡಗಿತ್ತು. ಮುಟ್ಟು ನಿಂತ ಮೇಲೆ ಶುರುವಾದದ್ದು. ಹೊತ್ತಿಲ್ಲ ಗೊತ್ತಿಲ್ಲ, ಎದೆಯಿಂದ ಒಂದು ಉರಿ ಎದ್ದು ಕುತ್ತಿಗೆಗೆ, ಕಿವಿಗೆ ಏರಿ, ಬೆನ್ನೆಲ್ಲ ಬೆವರಾಗಿ, ಬಂದ ಹಾಗೇ ಹೋಗಿಬಿಡುತ್ತಿತ್ತು. ಹೋದ ವರ್ಷದ ಚಳಿಯಲ್ಲಿ ಹುಳುಮನೆ ಕಾದುಬಿಟ್ಟಿದೆ ಎಂದೇ ನಂಬಿ ಅವಳು ಕಿಟಕಿಗಳನ್ನೆಲ್ಲ ತೆಗೆದಿಟ್ಟಳು. ಹುಳಕ್ಕೆ ಸುಣ್ಣಕಟ್ಟು ಬಂತು. ತಟ್ಟೆ ತಟ್ಟೆ ಹುಳ ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಸೆಟೆದುಕೊಂಡವು. ಮಳೆಗಾಲದ ಹುಳದ ಬೆಳೆಯಲ್ಲೂ ಅದೇ ಆಯಿತು. ರಾಮಲಿಂಗಯ್ಯ ಮೊಟ್ಟೆ ಕೊಟ್ಟವರನ್ನು ಬೈದ, ಹಿಪ್ಪುನೇರಳೆ ಸೊಪ್ಪನ್ನು ಬೈದ, ದೃಷ್ಟಿ ಅಂದ. ಹೆಂಡತಿಯನ್ನು ಮಾತ್ರ ಅನ್ನಲಿಲ್ಲ. ಅದು ಅವಳಿಗೆ ಇನ್ನೂ ಸಂಕಟವಾಯಿತು.

ಅಷ್ಟರಲ್ಲಿ ಬಿಡದಿ ಕಡೆಯ ಲೇಬರ್ ಕಂಟ್ರಾಕ್ಟರ್ ಒಬ್ಬ ಊರಿಗೆ ಬಂದು ಹೋಗತೊಡಗಿದ. ಹೊಸ ಕಾರ್ಖಾನೆಗಳ ಕೆಲಸದವರಿಗೆ ಮಲಗಲು ಜಾಗ ಬೇಕಿತ್ತು. ಪಕ್ಕದವರ ಹುಳುಮನೆಯಲ್ಲಿ ಆಗಲೇ ತಟ್ಟೆಗಳ ಜಾಗಕ್ಕೆ ಮಂಚಗಳು ಬಂದಿದ್ದವು. ಈ ಬೆಳೆಯೂ ಕೈಕೊಟ್ಟರೆ ನಮ್ಮದನ್ನೂ ಕೊಟ್ಟುಬಿಡುವುದೇ ಎಂದ ರಾಮಲಿಂಗಯ್ಯ. ಸಿಟ್ಟಿನಿಂದಲ್ಲ, ಸಾಕಾಗಿ ಹೇಳಿದ ಮಾತದು. ಸರಸಮ್ಮ ಆ ದಿನ ಊಟ ಬಿಟ್ಟಳು, ಮಾರನೆಯ ದಿನ ಗಫಾರ್ ಸಾಹೇಬರ ಅಂಗಡಿಗೆಂದು ರಾಮನಗರದ ಬಸ್ಸು ಹತ್ತಿದಳು.

ಯಂತ್ರ ಮನೆಗೆ ಬಂದರೂ ಹುಳುಮನೆಗೆ ಹೋಗಲು ಒಂದು ತೊಡಕಿತ್ತು. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದದೆ ಅಲ್ಲಿಗೆ ಒಂದು ಕಡ್ಡಿಯೂ ಹೋಗುವಂತಿಲ್ಲ, ಈ ಡಬ್ಬಿಯನ್ನೋ ಅದ್ದುವಂತಿಲ್ಲ. ಕೊನೆಗೆ ಅವಳು ಹುಳದ ತಟ್ಟೆಗಳನ್ನು ಒಣಗಿಸುವ ಹಾಗೆ ಡಬ್ಬಿಯನ್ನೂ ಮೊರದಲ್ಲಿಟ್ಟು ಅಂಗಳದಲ್ಲಿ ಬಿಸಿಲಿಗೆ ಹಾಕಿದಳು. ಒಳಗೆ ಟೀವಿಯ ಪಕ್ಕ ಗಾಜಿನ ಮುಖ ನಲವತ್ತೊಂದು ತೋರಿಸಿತು. ರಾಮಲಿಂಗಯ್ಯ ಬಿದ್ದು ಬಿದ್ದು ನಕ್ಕ. ಚಳಿಗಾಲದಲ್ಲಿ ನಲವತ್ತೊಂದು ಹೇಳುವ ಯಂತ್ರವನ್ನು ಕೊಂಡವಳು ತಾಲ್ಲೂಕಿಗೆಲ್ಲ ಇವಳೊಬ್ಬಳೇ ಎಂದು ಜಗಲಿಯಲ್ಲಿ ಕೂತವರಿಗೆಲ್ಲ ಹೇಳಿದ. ಹೊತ್ತು ಮುಳುಗುವ ಮುಂಚೆ ಡಬ್ಬಿ ಹುಳುಮನೆಯ ಮೊಳೆಗೆ ತೂಗಿತು. ಅಂಕಿ ಇಪ್ಪತ್ತೈದಕ್ಕೆ ಇಳಿಯಿತು.

ನಕ್ಕವನೇ ನಾಲ್ಕು ದಿನದಲ್ಲಿ ಅದಕ್ಕೆ ಅಂಟಿಕೊಂಡ. ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುತ್ತಿದ್ದ. ಅದು ಮೋಡ ಬರೆದರೆ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದು ಅದರ ಜೊತೆ ವಾದ ಮಾಡುತ್ತಿದ್ದ. ಹಿತ್ತಲಿನ ಹುಳುಮನೆಯಿಂದ ಸರಸಮ್ಮ "ಈಗ ಎಷ್ಟೈತೆ?" ಎಂದು ಕೂಗಿದರೆ ಅವನು ಅಂಕಿ ಕೂಗುತ್ತಿದ್ದ. ಉರಿ ಏರಿದಾಗಲೆಲ್ಲ ಅವಳ ಕೈ ತಾನಾಗಿ ಕಿಟಕಿಯ ಅಗುಳಿಗೆ ಹೋಗುತ್ತಿತ್ತು. ಅಲ್ಲೇ ತಡೆದು ಕೂಗುತ್ತಿದ್ದಳು. ಇಪ್ಪತ್ತೈದು ಎಂದು ಬರುತ್ತಿತ್ತು. ಕೈ ಕೆಳಗಿಳಿಯುತ್ತಿತ್ತು. ಒಂದೊಂದು ಸಲ ಇಪ್ಪತ್ಮೂರು ಎಂದು ಬಂದರೆ, ಮೈಯೆಲ್ಲ ಬೆವರು ಸುರಿಯುತ್ತಿದ್ದರೂ ಕೂತು ಇದ್ದಿಲ ಒಲೆ ಊದುತ್ತಿದ್ದಳು.

ಹುಳ ನಾಲ್ಕನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ರೈತರು ಜ್ವರ ಎನ್ನುತ್ತಾರೆ. ಸರಸಮ್ಮ ತಟ್ಟೆಯ ಪಕ್ಕ ನಿಂತು ಅವುಗಳನ್ನೇ ನೋಡುತ್ತಿದ್ದಳು. ಇವಕ್ಕೂ ಒಳಗೆ ಸುಡುತ್ತದೆಯೋ ಏನೋ, ಯಾರು ಕೇಳಿದ್ದಾರೆ ಎಂದುಕೊಂಡಳು. ಜ್ವರ ಬಿಟ್ಟು ಎದ್ದ ಹುಳಕ್ಕೆ ಎಲ್ಲಿಲ್ಲದ ಹಸಿವು. ತಲೆ ತುರಿಸಲೂ ಪುರುಸೊತ್ತಿಲ್ಲದಷ್ಟು ಕೆಲಸ.

ಅಂಥ ಒಂದು ಸಂಜೆ, ಬೆಳಗಿನಿಂದ ಬಿಸಿಲೇ ಕಾಣದ ದಿನ, ಉರಿ ಎಂದಿಗಿಂತ ಜೋರಾಗಿ ಎದ್ದಿತು. ಅವಳು ಕೂಗಿದಳು. ಇಪ್ಪತ್ನಾಲ್ಕು ಎಂದು ಬಂತು. ಕಿವಿಯಲ್ಲಿ ಹಬೆ ಹೊರಡುವಂತೆ ಸುಡುತ್ತಿರುವಾಗ ಇಪ್ಪತ್ನಾಲ್ಕು. ತನಗೇನು ಬುದ್ಧಿ ಕೆಟ್ಟಿದೆಯೇ, ಈ ಉರಿ ನಿಜವೋ ಬರೀ ಭ್ರಮೆಯೋ ಎಂದು ಅವಳಿಗೆ ತಿಳಿಯಬೇಕೆನಿಸಿತು. ಬರೀ ಕುತೂಹಲವಲ್ಲ, ಒಬ್ಬರಾದರೂ ಹೌದು ಎನ್ನಲಿ ಎಂಬ ಆಸೆ. ಮೊಳೆಯಿಂದ ಡಬ್ಬಿ ತೆಗೆದು ಕುಪ್ಪಸದೊಳಗೆ ಎದೆಗೆ ಒತ್ತಿಟ್ಟುಕೊಂಡಳು. ಅಂಗಡಿಯಲ್ಲಿ ನಿಂತ ಹಾಗೇ ಕಾದು ನಿಂತಳು. ಆಮೇಲೆ ಕೂಗಿದಳು.

"ಈಗ ಎಷ್ಟೈತೆ?"

ಎಂದಿನಂತೆ ಅಂಕಿ ಕೂಗಿ ಸುಮ್ಮನಾಗುತ್ತಾನೆ ಎಂದುಕೊಂಡಿದ್ದಳು. ಆದರೆ ಮನೆಯೊಳಗೆ ಅವನ ಮುಂದೆ ಗಾಜಿನ ಮುಖ ಮೂವತ್ನಾಲ್ಕು ತೋರಿಸುತ್ತಿತ್ತು. ಡಬ್ಬಿಯನ್ನು ಮತ್ತೆ ಬಿಸಿಲಿಗೆ ಹಾಕಿದ್ದಾಳೆ ಎನ್ನೋಣವೆಂದರೆ ಬಿಸಿಲೇ ಇರಲಿಲ್ಲ. ಹುಳುಮನೆಗೆ ಬೆಂಕಿ ಬಿದ್ದಿದೆ ಎಂದೇ ರಾಮಲಿಂಗಯ್ಯ ಓಡಿ ಬಂದ. ಅಷ್ಟು ಗಾಬರಿಯಲ್ಲೂ ಹೊಸ್ತಿಲಲ್ಲಿ ನಿಂತು ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿದ. ಒಳಗೆ ನುಗ್ಗಿದವನೇ ಮೂವತ್ನಾಲ್ಕು ಎನ್ನುತ್ತ ಕಿಟಕಿಯ ಅಗುಳಿಗೆ ಕೈ ಹಾಕಿದ.

"ತಗೀಬ್ಯಾಡಿ," ಎಂದಳು ಸರಸಮ್ಮ. "ಬಿಸಿ ಹುಳಕ್ಕಲ್ಲ. ನಂಗೆ."

ಅವನಿಗೆ ಅರ್ಥವಾಗಲಿಲ್ಲ. ಹೊಗೆ ಇಲ್ಲ, ಬೆಂಕಿ ಇಲ್ಲ, ಕೋಣೆ ಹಿತವಾಗಿದೆ. ಹೆಂಡತಿಯ ಹಣೆಯಿಂದ ಮಾತ್ರ ಬೆವರು ಸೊಪ್ಪಿನ ಬುಟ್ಟಿಗೆ ತೊಟ್ಟಿಕ್ಕುತ್ತಿದೆ. ಅವಳು ಡಬ್ಬಿಯನ್ನು ಈಚೆ ತೆಗೆದು ತೋರಿಸಿದಳು.

"ಹೋದ ಎರಡು ಬೆಳೇಲೂ ಕಿಟಕಿ ತೆಗ್ದಿದ್ದು ನಾನೇಯ. ಉರಿ ಕೋಣೇಲೈತೋ ನನ್ನೊಳ್ಗೈತೋ ಗೊತ್ತಾಗ್ನಿಲ್ಲ. ಅದ್ಕೇ ಇದ ತಂದೆ."

ರಾಮಲಿಂಗಯ್ಯ ಅಗುಳಿಯಿಂದ ಕೈ ತೆಗೆದ. ದಿನಕ್ಕೆ ಎಷ್ಟು ಸಲ ಅಂಕಿ ಕೂಗಿದ್ದೆ, ಒಂದು ಸಲವಾದರೂ ಯಾಕೆ ಕೇಳುತ್ತೀಯ ಎನ್ನಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಸೊಪ್ಪಿನ ಬುಟ್ಟಿಯನ್ನು ಅವಳ ಕಾಲ ಬಳಿಯಿಂದ ಎಳೆದುಕೊಂಡ.

"ನೀ ಆಚಿಕ್ ಹೋಗಿ ಒಸಿ ಕೂತ್ಕೋ ಹೋಗಮ್ಮಿ. ನಾ ಹಾಕ್ತೀನಿ."

ಮೇವು ಹಾಕಿ ಗೊತ್ತಿಲ್ಲದವನು ಹಾಕತೊಡಗಿದ. ಒಂದು ಕಡೆ ಗುಡ್ಡೆ, ಒಂದು ಕಡೆ ಬೋಳು. ಸರಸಮ್ಮ ಬಾಗಿಲಿನವರೆಗೆ ಹೋಗಿ ತಿರುಗಿ ನೋಡಿದಳು. ತಿದ್ದಬೇಕೆನಿಸಿತು, ತಿದ್ದಲಿಲ್ಲ.

ಮನೆಯೊಳಗೆ ಬಂದು ಟೀವಿಯ ಪಕ್ಕ ಕೂತಾಗಲೇ ಡಬ್ಬಿ ಇನ್ನೂ ತನ್ನ ಮುಷ್ಟಿಯಲ್ಲಿದೆ ಎಂದು ಗೊತ್ತಾದದ್ದು. ಉರಿ ಬಂದ ಹಾಗೇ ಇಳಿದುಹೋಗಿತ್ತು, ಬೆವರು ಆರಿ ಬೆನ್ನು ತಣ್ಣಗಾಗಿತ್ತು. ಗಾಜಿನ ಮುಖ ಮಾತ್ರ ಮೂವತ್ಮೂರು ಬಿಟ್ಟು ಅಲ್ಲಾಡಿರಲಿಲ್ಲ. ಸುಡುವಾಗಲೂ ಸುಮಾರು ಅಷ್ಟೇ, ಆರಿದ ಮೇಲೂ ಅಷ್ಟೇ. ಸಾಹೇಬರ ಯಂತ್ರಕ್ಕೆ ಅವಳ ಉರಿ ಕಂಡೇ ಇರಲಿಲ್ಲ. ಅವಳು ಅದನ್ನೇ ನೋಡುತ್ತ ಕೂತಳು.

ಹಿತ್ತಲಿನಿಂದ ರಾಮಲಿಂಗಯ್ಯನ ಕೂಗು ಬಂತು.

"ನಿಂಗೀಗ ಎಷ್ಟೈತಮ್ಮಿ?"

ಸರಸಮ್ಮ ಗಾಜಿನ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

"ಇಳೀತು," ಎಂದು ಕೂಗಿದಳು. ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ, ಮೊಳೆಗೆ ತೂಗುಹಾಕಲು ಎದ್ದಳು.